ಕಿವಿ ಕೇಳದ ಅಕ್ಕನ ದೀಕ್ಷಾಸ್ನಾನ

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅವಳನ್ನು ಅಂಥ ಮಕ್ಕಳ ಶಾಲೆಗೆ ಸೇರಿಸಬೇಕೆಂದು ಶಹಾಬಾದಿನ ನಮ್ಮ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಓದು ಬರಹವೂ ಬರಲಿಲ್ಲ. ಮನೆಯಲ್ಲಿ ನಾವೇ ಕಟ್ಟಿಕೊಂಡ ಕೈಸನ್ನೆಗಳಿದ್ದವು: ನೀರಿಗೊಂದು, ಒಲೆಗೊಂದು, ಸಿಟ್ಟಿಗೊಂದು. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸದಲ್ಲಿದ್ದ. ಹೆಗಲ ಮೇಲಿನ ಪುಡಿ ಕೊಡವಿದಂತೆ ಮಾಡಿದರೆ ಅಪ್ಪ ಎಂದರ್ಥ.

ಅಪ್ಪ ಅವ್ವ ಕ್ರೈಸ್ತರಾದಾಗ ಅಕ್ಕನಿಗೆ ಏಳು ವರ್ಷ, ನನಗೆ ಐದು. ನನಗೂ ಅಂದೇ ದೀಕ್ಷಾಸ್ನಾನವಾಯಿತು. ಅಕ್ಕನನ್ನು ಮಾತ್ರ ಅಂದಿನ ಪಾದ್ರಿಗಳು, "ಈಕಿಗಿ ತಿಳುವಳಿಕಿ ಬಂದಮ್ಯಾಲ ನೋಡೋಣ" ಎಂದು ಬಿಟ್ಟರು. ಅವಳಿಗೆ ಇಪ್ಪತ್ತೆರಡಾದರೂ ಆ ದಿನ ಬರಲಿಲ್ಲ.

ಆ ವರ್ಷ ಹೊಸ ಪಾದ್ರಿಗಳು ಬಂದಿದ್ದರು, ಚಿಕ್ಕ ವಯಸ್ಸಿನವರು. ಒಂದು ಭಾನುವಾರ ಅವರು, ಶುಭವಾರ್ತೆ ಕೇಳದೆ ಸತ್ತವರಿಗೆ ರಕ್ಷಣೆಯ ದಾರಿಯೇ ಇಲ್ಲವೆಂದು ಬಿರುಸಾಗಿ ಬೋಧಿಸಿದರು. ನನಗೆ ಅಜ್ಜಿ ನೆನಪಾದಳು. ಅಪ್ಪನ ತಾಯಿ, ಚಿಂಚೋಳಿ ಕಡೆಯವಳು. ಯಾರೂ ಬಂದು ಏನನ್ನೂ ಹೇಳುವ ಮೊದಲೇ ತೀರಿಹೋಗಿದ್ದಳು. ಅವಳು ಎಲ್ಲಿದ್ದಾಳೋ ಎಂದು ಭಯವಾಯಿತು.

ಆರಾಧನೆ ಮುಗಿದಮೇಲೆ ಅವ್ವ ಅಕ್ಕನ ಕೈ ಹಿಡಿದು ಬಾಗಿಲಲ್ಲೇ ನಿಂತಳು.

"ಸಾಹೇಬ್ರ, ಈಕಿ ಹದಿನೈದು ವರ್ಷದಿಂದ ಮುಂದಿನ ಸಾಲಿನ್ಯಾಗೇ ಕುಂದ್ರತಾಳ. ಒಂದು ಮಾತೂ ಕೇಳಿಲ್ಲ. ಈಕಿನ್ನ ಎಲ್ಲಿಗಿ ಕಳಸ್ತೀರಿ?"

ಪಾದ್ರಿಗಳು ಅಕ್ಕನ ಕಡೆ ತಿರುಗಿ ನೋಡಿದರು. "ಯವ್ವಾ, ಈಕಿನ್ನೇ ಕೇಳೋಣ. ನಾಳಿ ಮನಿಗಿ ಬರ್ತೀನಿ."

ಬಂದರು. ಚಾಪೆಯ ಮೇಲೆ ಕೂತು, ಚರ್ಚಿನಲ್ಲಿ ಕಣ್ಣು ಮುಚ್ಚಿ ಕೂತಾಗ ಯಾರ ಮುಂದೆ ಕೂತಿರುತ್ತಾಳೆ ಎಂದು ಅವ್ವನ ಕಡೆಯಿಂದ ಅಕ್ಕನನ್ನು ಕೇಳಿಸಿದರು. ಅವ್ವ ಸನ್ನೆಯಲ್ಲಿ ಕೇಳಿದಳು. ಅಕ್ಕ ತಡಮಾಡಲಿಲ್ಲ. ರೊಟ್ಟಿ ಮುರಿದಂತೆ ಮಾಡಿ, ದೊಡ್ಡ ತುಂಡನ್ನು ಬಾಗಿಲಿನತ್ತ ಚಾಚಿ, ಅದೇ ಕೈಯನ್ನು ಮೇಲಕ್ಕೆತ್ತಿ ತೋರಿಸಿದಳು.

ಅವ್ವ ದಿನಾ ಹಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ಮುರಿದು ಬಾಗಿಲಿಗೆ ಬಂದವರಿಗೆ ಕೊಡುತ್ತಿದ್ದಳು. ಅಕ್ಕ ಅದನ್ನು ನೋಡಿ ಬೆಳೆದವಳು; ಹಾಗೆ ಕೊಡುವವನೊಬ್ಬ ಮೇಲಿದ್ದಾನೆ ಎನ್ನುತ್ತಿದ್ದಳು.

"ಈ ಸನ್ನಿ ನಾವ್ಯಾರೂ ಕಲಿಸಿಲ್ರಿ," ಎಂದಳು ಅವ್ವ. "ಈಗೇ ನೋಡಾಕತ್ತೀನಿ."

ಪಾದ್ರಿಗಳು ಅಕ್ಕ ತಂದುಕೊಟ್ಟ ಚಹಾ ಕುಡಿದು ಲೋಟ ಕೆಳಗಿಟ್ಟರು. "ನಿನ್ನಿ ಬೋಧನಿಯಾಗ ನಾನೇ ಬಾಗಲಾ ಹಾಕಿಬಿಟ್ಟಿದ್ನಿ. ಅದು ನನ್ನ ಕೆಲಸ ಅಲ್ಲ," ಎಂದರು.

ಎರಡು ವಾರ ದಿನಾ ಸಂಜೆ ಬಂದು ನಮ್ಮ ಸನ್ನೆಗಳನ್ನು ಕಲಿತರು. ದೀಕ್ಷಾಸ್ನಾನದ ದಿನ ಕೇಳಬೇಕಾದ ಪ್ರಶ್ನೆಗಳನ್ನು ಕೈಯಲ್ಲೇ ಕೇಳಿದರು. ಒಂದು ಕಡೆ ನೀರು ಎನ್ನಬೇಕಾದಲ್ಲಿ ಒಲೆ ಎಂದುಬಿಟ್ಟರು. ಅಕ್ಕ ಸಭೆಯ ಎದುರಿಗೇ ಅವರ ಬೆರಳು ಹಿಡಿದು ತಿದ್ದಿದಳು. ಜನ ನಕ್ಕರು. ಅವ್ವ ಮಾತ್ರ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. ಅಜ್ಜಿಯ ಬಗೆಗಿನ ನನ್ನ ಭಯ ಅಂದೇ ಹೋಯಿತು. ಅಕ್ಕನ ಬಳಿಗೆ ಹೋಗಲು ದಾರಿ ಗೊತ್ತಿದ್ದ ದೇವರಿಗೆ ಅಜ್ಜಿಯ ಚಿಂಚೋಳಿಯ ದಾರಿ ಗೊತ್ತಿರದೆ ಇರುತ್ತದೆಯೇ?

ಈಗ ನಾನು ಸೇಡಂನಲ್ಲಿ ಶಾಲಾ ಶಿಕ್ಷಕಿ. ದಿನಾ ಶಹಾಬಾದಿನಿಂದ ವಾಡಿ, ಚಿತ್ತಾಪುರದ ಮೇಲೆ ಹಾಯುವ ರೈಲಿನಲ್ಲಿ ಓಡಾಡುತ್ತೇನೆ. ಜೊತೆಗೆ ಕೆಲಸ ಮಾಡುವ ಟೀಚರೊಬ್ಬರು ಚಿತ್ತಾಪುರದಲ್ಲಿ ಹತ್ತುತ್ತಾರೆ. ಬೌದ್ಧ ಮನೆತನದವರು. ಕಳೆದ ತಿಂಗಳು ಅವರ ತಾಯಿ ತೀರಿಕೊಂಡರು. ರಜೆ ಮುಗಿಸಿ ಬಂದ ದಿನ ನೇರವಾಗಿ ಕೇಳಿದರು.

"ಟೀಚರ್, ನಮ್ಮವ್ವ ನಿಮ್ಮ ದೇವರ ಸುದ್ದಿನೇ ಕೇಳಿಲ್ಲ. ನಿಮ್ಮ ಪ್ರಕಾರ ಆಕಿ ಎಲ್ಲಿ ಹೋಗ್ಯಾಳ್ರಿ?"

"ತೀರ್ಪು ಕೊಡಾಕಿ ನಾನಲ್ರಿ," ಎಂದೆ. "ಆದ್ರ ದೇವರು ಆಕಿ ಗುರ್ತ ಇಲ್ಲ ಅನ್ನಂಗಿಲ್ಲ. ಅದು ನನಗ ಖಾತ್ರಿ ಅದ."

ಅವರು ಕಿಟಕಿಯ ಕಡೆ ನೋಡುತ್ತಾ ಸಣ್ಣಗೆ ನಕ್ಕರು. "ಆಕಿ ಗುರ್ತ ಇಲ್ಲ ಅಂದವರು ನಮ್ಮೂರಾಗೂ ಯಾರಿಲ್ಲ. ಭಾಳ ಬಾಯಿ ಆಕಿದು."

"ಹೇಳ್ರಿ," ಎಂದೆ.

ಸೇಡಂ ಬರುವವರೆಗೂ ಅವರು ತಾಯಿಯ ಸುದ್ದಿ ಹೇಳಿದರು.