ಕ್ಯಾರವಾನಿನ ಫ್ರಿಜ್ಜೂ ಅಕ್ಕನ ಬೆಣ್ಣೆಯೂ

ಹಾನಗಲ್ಲಿನ ನಮ್ಮ ಹಿತ್ತಲಿನಲ್ಲಿ ಒಂದು ವಿಂಟೇಜ್ ಕ್ಯಾರವಾನ್ ಇದೆ. ವಿಂಟೇಜ್ ಅನ್ನುವವಳು ನಾನೊಬ್ಬಳೇ. ಓಣಿಯವರು ಅದಕ್ಕೆ ಡಬ್ಬಿ ಅನ್ನುತ್ತಾರೆ. ಎರಡು ಗಾಲಿಯ ಮೇಲೆ ಒಂದು ಪುಟ್ಟ ಕೋಣೆ, ಒಳಗೆ ಎರಡು ಮಂಚ, ಮೊಣಕಾಲೆತ್ತರದ ಒಂದು ಕಟ್ಟೆ, ಒಂದು ಕಿಟಕಿ. ನೀರಾವರಿ ಇಲಾಖೆಯಲ್ಲಿದ್ದ ನಮ್ಮವರು ಯಾವುದೋ ಕಾಲುವೆ ಕ್ಯಾಂಪಿನ ಹರಾಜಿನಲ್ಲಿ ಅದನ್ನು ಹಿಡಿದು ತಂದರು. ಫಾರಿನ್ ಎಂಜಿನಿಯರ್ ಒಬ್ಬ ಬಿಟ್ಟುಹೋದದ್ದಂತೆ. "ರಿಟೈರ್ ಆಗ್ಲಿ, ಊರೂರು ತಿರಗೂಣು" ಅಂದಿದ್ದರು. ರಿಟೈರ್ ಆದರು. ಊರೂರು ತಿರುಗುವ ಮೊದಲೇ ಒಬ್ಬರೇ ಹೊರಟುಬಿಟ್ಟರು. ಆಮೇಲೆ ಆ ಡಬ್ಬಿಯಲ್ಲಿ ನಾನು ಬೆಳ್ಳುಳ್ಳಿ ಒಣಗಿಸಿದೆ, ಕೋಳಿಗಳು ತಾವಾಗಿ ಬಂದು ತತ್ತಿ ಇಟ್ಟವು.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುವಾಗ ಒಂದು ಚಿತ್ರದ ಪುಸ್ತಕವಿತ್ತು. ಕ್ಯಾರವಾನಿನ ಬಾಗಿಲಲ್ಲಿ ಕುಳಿತ ಹುಡುಗಿಯೊಬ್ಬಳು ಗಾಜಿನ ಲೋಟದಲ್ಲಿ ಲೆಮನೇಡ್ ಕುಡಿಯುತ್ತಿದ್ದಳು. ಲೋಟದ ಹೊರಗೆ ತಂಪಿನ ಹನಿಗಳು. ಅರವತ್ತು ವರ್ಷದಿಂದ ಆ ಹನಿಗಳು ನನ್ನ ತಲೆಯಲ್ಲಿ ಆರಿಲ್ಲ. ಈ ಬೇಸಿಗೆ ನಾನು ಮಾಡಿದ್ದಕ್ಕೆಲ್ಲ ಅಕ್ಕನ ಕಾರಣ ಕೊಡುತ್ತೇನಾದರೂ, ಆನೆಸ್ಟ್ಲಿ, ಆ ಲೋಟದ ಪಾಲೂ ಇದೆ.

ಅಕ್ಕ ಹಿರೇಕೆರೂರಿನಲ್ಲಿದ್ದಾಳೆ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕಾನ್ವೆಂಟಿಗೆ ಹೋದವಳು ನಾನು; ಅಪ್ಪನ ಜೊತೆ ಹೊಲಕ್ಕೆ ಹೋದವಳು ಅವಳು. ಬಂಕಾಪುರದ ಕೋಟೆಯಲ್ಲಿ ನಸುಕಿನಲ್ಲಿ ನವಿಲು ಹಿಂಡುಗಟ್ಟಿ ಇಳಿಯುತ್ತವೆಂದು ಅಪ್ಪ ಹೇಳಿದ್ದು ಅವಳಿಗೆ ಇನ್ನೂ ನೆನಪಿದೆ. ನೋಡಬೇಕೆಂಬ ಆಸೆಯೂ ಹಾಗೇ ಇದೆ. ನಸುಕಿನಲ್ಲಿ ಅಲ್ಲಿರಬೇಕೆಂದರೆ ಹಿಂದಿನ ದಿನವೇ ಹೋಗಿ ಉಳಿಯಬೇಕು. ಆದರೆ ಇನ್ಸುಲಿನ್ ಶುರುವಾದಂದಿನಿಂದ ಅಕ್ಕ ತನ್ನ ಫ್ರಿಜ್ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿಲ್ಲ. ಒಂದು ದಿನ ಹೊರಗಿದ್ದರೆ ಔಷಧಕ್ಕೆ ಏನೂ ಆಗುವುದಿಲ್ಲ, ಥರ್ಮಾಸಿನಲ್ಲಿ ಒಯ್ಯಿರಿ ಎಂದು ಡಾಕ್ಟರು ಹೇಳಿದ್ದಾರೆ.

"ಡಾಕ್ಟರ್ ತಾನ ಚುಚ್ಚಿಗೋತಾನೇನ?" ಅನ್ನುತ್ತಾಳೆ ಅಕ್ಕ.

"ಹಂಗಾರ ಫ್ರಿಜ್ಜನ್ನ ನಿನ್ನ ಜೋಡಿ ಕಳಸ್ತೇನಿ" ಎಂದೆ ನಾನು. ಕ್ಯಾರವಾನಿನಲ್ಲಿ ಫ್ರಿಜ್ ಇಟ್ಟು ಅಕ್ಕನನ್ನು ಬಂಕಾಪುರಕ್ಕೆ ಕರೆದೊಯ್ಯುವುದು ನನ್ನ ಲೆಕ್ಕ. ಎಪ್ಪತ್ತಾರಕ್ಕೆ ಕಾಲಿಟ್ಟ ಮೊಣಕಾಲಿನವಳು ನಾನು. ಮುಂದಿನ ವರ್ಷ ಎಂಬ ಮಾತನ್ನು ನಾವಿಬ್ಬರೂ ಈಗ ಹಗುರವಾಗಿ ಆಡುವುದಿಲ್ಲ.

ಮೊದಲು ಶಿಗ್ಗಾವಿಯ ಫ್ರಿಜ್ ಅಂಗಡಿಗೆ ಹೋದೆ. ಕ್ಯಾರವಾನಿನ ಕಟ್ಟೆಯ ಅಳತೆಯನ್ನು ಚೀಟಿಯಲ್ಲಿ ನೀಟಾಗಿ ಬರೆದುಕೊಂಡು ಹೋಗಿದ್ದೆ, ಬಾಗಿಲಿನ ಅಳತೆಯನ್ನು ಬರೆದಿರಲಿಲ್ಲ. ಅಂಗಡಿಯವರು ಅದನ್ನೇ ಕೇಳಿದರು. ನಾನು ಎರಡು ಕೈ ಅಗಲಿಸಿ ತೋರಿಸಿದೆ. "ಅಷ್ಟರಾಗ ನೀವ ಹೋಗ್ತೀರೇನ್ರೀ ಅಮ್ಮಾರ?" ಎಂದರು. ಸೈಡ್‌ವೇಸ್ ಹೋಗುತ್ತೇನೆ ಎಂದು ಹೇಳದೆ ಬಂದೆ.

ಸವಣೂರಿನಲ್ಲಿ ಹಳೆಯ ಸಾಮಾನು ಮಾರುವವರೊಬ್ಬರಿದ್ದಾರೆ. ಲಾಡ್ಜುಗಳ ಕೋಣೆಗಳಲ್ಲಿ ಇಡುತ್ತಿದ್ದಂಥ ಗಿಡ್ಡ ಫ್ರಿಜ್ ಒಂದು ಅವರಲ್ಲಿ ಸಿಕ್ಕಿತು. ಕಂದು ಬಣ್ಣ, ಒಂದೇ ಬಾಗಿಲು. ಪ್ಲಗ್ ಹಾಕಿದರೂ ಸದ್ದಿಲ್ಲ. ಕೆಟ್ಟಿದೆಯೇನೋ ಎಂದುಕೊಂಡೆ.

"ಇದರಾಗ ಮಷೀನ್ ಇಲ್ರೀ ಅಮ್ಮಾ. ಹಿಂದ ಕಾವು ಹತ್ತತೈತಿ, ಒಳಗ ಥಂಡಿ ಆಗ್ತೈತಿ" ಎಂದರು ಅವರು. "ಭಾಳ ಶರೀಫ್ ಐತಿ, ಗಲಾಟಿ ಇಲ್ಲ. ಖರೇ, ಒಂದ್ ಹಟಾ. ಸಪಾಟ ನಿಲ್ಲಿಸಬೇಕು. ಒಂದ್ ಈಟ್ ಸೊಟ್ಟ ಆತಂದ್ರ ಥಂಡೀನ ಮಾಡೂದಿಲ್ಲ, ಸಿಟ್ಟಮಾಡ್ಕೊಂಡ್ ಕುಂದರ್ತೈತಿ."

"ಲೆವೆಲ್ ನೋಡೂದು ನನಗ ಹೇಳಿಕೊಡಬ್ಯಾಡ್ರಿ. ಎಂಜಿನಿಯರ್ ಹೆಂಡತಿ ನಾ" ಎಂದೆ. ಆ ಮಾತನ್ನು ಈಗ ವಾಪಸ್ ತಗೊಳ್ಳುವ ಹಾಗಿದ್ದರೆ ಸವಣೂರಿಗೆ ನಡೆದುಕೊಂಡೇ ಹೋಗಿ ಬರುತ್ತಿದ್ದೆ.

ಫ್ರಿಜ್ ಕೂರಿಸಲು ನಮ್ಮ ಓಣಿಯ ಬಡಿಗರು ಬಂದರು. ಮನೆ ಕಟ್ಟುವಾಗಿನಿಂದ ನಮ್ಮ ಮರಗೆಲಸವೆಲ್ಲ ಅವರದೇ. ಕ್ಯಾರವಾನಿನ ನಡುವೆ ನಿಂತು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, "ಅಗ್ನಿ ಮೂಲಿ ಯಾವಕಡಿ ಬರ್ತೈತ್ರಿ?" ಎಂದು ಕೇಳಿದರು.

"ಇದಕ್ಕ ಗಾಲಿ ಅದಾವ. ಮೂಲಿ ಎಲ್ಲಿಂದ ಬರಬೇಕು?"

"ಇಷ್ಟ ವರ್ಷ ಎಲ್ಲಿ ಹೋಗೈತ್ರಿ ಇದು? ನಿಂತಲ್ಲೇ ನಿಂತೈತಿ. ಮನೀನ ಅನ್ರಿ ಮತ್ತ."

ನಾನು ಇಂಗ್ಲಿಷಿನಲ್ಲಿ ನಕ್ಕೆ, ಕನ್ನಡದಲ್ಲಿ ಒಪ್ಪಿಕೊಂಡೆ. ಫ್ರಿಜ್ ಅಗ್ನಿ ಮೂಲೆ ಬಿಟ್ಟು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಿತು. ನಮ್ಮವರ ಹಳೆಯ ರಸಮಟ್ಟವನ್ನು ಕಪಾಟಿನಿಂದ ತಂದು ಅದರ ಮೇಲೆ ಇಟ್ಟೆ. ಗುಳ್ಳೆ ಒಂದು ಕಡೆ ಓಡಿತು, ಎಡಕ್ಕೆ ತಗ್ಗು. ಬಡಿಗರು ಎಡಗಡೆ ಒಂದು ಬೆಣೆ ಕೊಟ್ಟರು. ಸಾಲದು ಎಂದೆ, ಇನ್ನೊಂದು ಕೊಟ್ಟರು. ಗುಳ್ಳೆ ನಡುವೆ ಬಂದು ನಿಂತಾಗ ಪರೀಕ್ಷೆಯಲ್ಲಿ ಫಸ್ಟ್ ಬಂದವಳ ಹಾಗೆ ಸೆರಗು ಸರಿ ಮಾಡಿಕೊಂಡೆ. "ಅಲಗಾಡಬಾರದು ನೋಡ್ರಿ" ಅಂದದ್ದಕ್ಕೆ ಅವರು ಬೋಲ್ಟ್ ಬಿಗಿದು, ಅಂಟು ಹಚ್ಚಿ, ಬೆಣೆ ಕಾಣದಂತೆ ಹಲಗೆ ಬಡಿದು ಮುಚ್ಚಿಬಿಟ್ಟರು. ಎರಡು ದಿನ ನಮ್ಮ ಹಿತ್ತಲಿನಲ್ಲಿ ಅದು ಎಷ್ಟು ಚೆಂದ ತಂಪು ಮಾಡಿತೆಂದರೆ, ಬಾಗಿಲಲ್ಲಿ ಕುಳಿತು ಗಾಜಿನ ಲೋಟದಲ್ಲಿ ಲಿಂಬು ಶರಬತ್ತು ಕುಡಿದೆ. ಹನಿಗಳೂ ಬಂದವು. ಕೋಳಿಗಳು ದೂರ ನಿಂತು ನೋಡಿದವು.

ಮೂರನೆಯ ದಿನ ಓಣಿಯ ರೈತರೊಬ್ಬರು ಟ್ರ್ಯಾಕ್ಟರಿಗೆ ಕಟ್ಟಿ ಕ್ಯಾರವಾನನ್ನು ಹಿರೇಕೆರೂರಿಗೆ ಎಳೆದು ತಂದರು. ಬಣ್ಣಬಣ್ಣದ ಕರ್ಟನ್ ಹಾಕಿದ್ದೆ, ದಾರಿಯುದ್ದಕ್ಕೂ ಜನ ಏನು ಮಾರುತ್ತೀರಿ ಎಂದು ಕೇಳಿದರು.

ಅಕ್ಕ ತನ್ನ ಅಂಗಳದಲ್ಲಿ ಕ್ಯಾರವಾನಿನ ಸುತ್ತ ಒಂದು ಸುತ್ತು ಬಂದು ನೋಡಿದಳು. ಮೆಕ್ಕೆಜೋಳ ಒಣಗಿಸಲು ಕಾಂಕ್ರೀಟ್ ಹಾಕಿಸಿದ ಅಂಗಳ ಅದು, ಕೈಯಿಂದ ಸವರಿದ ಹಾಗೆ ಸಪಾಟು. ಮನೆಯಿಂದ ವೈರು ಎಳೆದು ಫ್ರಿಜ್ಜಿಗೆ ಹಚ್ಚಿದೆ. ಅಕ್ಕ ಇನ್ಸುಲಿನ್ ತರಲಿಲ್ಲ, ಬಟ್ಟಲಲ್ಲಿ ಬೆಣ್ಣೆ ತಂದಳು.

"ಇದನ್ನ ಇಡು. ಸಂಜೀಕ ಗಟ್ಟಿ ಇದ್ರ ನಾ ಬರ್ತೇನಿ. ಇಲ್ಲಂದ್ರ ನೀ, ನಿನ್ನ ಡಬ್ಬಿ, ಇಬ್ರೂ ಹೋಗಿ ನವಿಲು ನೋಡ್ಕೊಂಡ್ ಬರ್ರಿ. ಮತ್ತ ಕೇಳಬ್ಯಾಡ."

ಅವಳು ಒಮ್ಮೆ ಇಲ್ಲವೆಂದರೆ ಅದು ಇಲ್ಲವೇ. ಸಂಜೆವರೆಗೆ ನನಗೆ ಊಟ ರುಚಿಸಲಿಲ್ಲ. ಐದು ಗಂಟೆಗೆ ಬಾಗಿಲು ತೆಗೆದರೆ ಒಳಗಿನಿಂದ ಬೆಚ್ಚನೆಯ ಗಾಳಿ ಬಂತು. ಬೆಣ್ಣೆ ಕರಗಿ ಎಣ್ಣೆಯಾಗಿತ್ತು. ನಾನು ವೋಲ್ಟೇಜನ್ನು ಬೈದೆ, ಸವಣೂರಿನವರನ್ನು ಬೈದೆ, ಟ್ರ್ಯಾಕ್ಟರ್ ಕುಲುಕಿತೆಂದೆ. ಆಗಲಿ, ಹೋಗುವುದು ಬೇಡ ಎಂಬ ಮಾತು ಬಾಯಿಯವರೆಗೆ ಬಂದಿತ್ತು.

ಅಕ್ಕ ಮಾತ್ರ ಬಟ್ಟಲನ್ನು ಹೊರಗೆ ತೆಗೆಯದೆ ಬಗ್ಗಿ ನೋಡುತ್ತಿದ್ದಳು.

"ಇಲ್ಲಿ ನೋಡ. ಬಲಕ್ಕ ಅಂಚಿನ ತನಾ ಬಂದೈತಿ. ಎಡಕ್ಕ ತಳಾ ಕಾಣಾಕತ್ತೈತಿ. ನಿನ್ನ ಫ್ರಿಜ್ ಸೊಟ್ಟ ಐತಿ."

"ಸಾಧ್ಯನ ಇಲ್ಲ. ರಸಮಟ್ಟ ಇಟ್ಟು ನಾನ ಸ್ವತಃ ಚೆಕ್ ಮಾಡೇನಿ."

"ಎಲ್ಲಿ ಇಟ್ಟಿದ್ದಿ?"

"ಎಲ್ಲಿ ಅಂದ್ರ? ನಮ್ಮ ಹಿತ್ತಲದಾಗ."

ಅಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಳು. ನನಗೆ ಹೊಳೆಯಲು ಅಷ್ಟೇ ಸಾಕಾಯಿತು. ಮನೆ ಕಟ್ಟಿಸುವಾಗ ನೀರು ಈಶಾನ್ಯಕ್ಕೆ ಹರಿಯಬೇಕೆಂದು, ವಾಸ್ತು ಕೇಳಿ, ಲಾರಿಗಟ್ಟಲೆ ಮಣ್ಣು ಹಾಕಿಸಿ ಇಡೀ ಹಿತ್ತಲಿಗೆ ಇಳಿಜಾರು ಕೊಡಿಸಿದವರು ನಾವೇ. ಆ ಇಳಿಜಾರಿನ ಮೇಲೆ ವರ್ಷಗಟ್ಟಲೆ ವಾಲಿ ನಿಂತ ಕ್ಯಾರವಾನಿನಲ್ಲಿ ಫ್ರಿಜ್ಜೊಂದನ್ನೇ ನಾನು ನೆಟ್ಟಗೆ ಮಾಡಿದ್ದೆ. ಈಗ ಕ್ಯಾರವಾನ್ ನೆಟ್ಟಗೆ ನಿಂತಿತ್ತು, ಫ್ರಿಜ್ ವಾಲಿತ್ತು. ಬಡಿಗರು ಅಂದದ್ದು ಸರಿ, ಅವರೂ ನಾನೂ ಅದನ್ನು ಮನೆಯೆಂದೇ ತಿಳಿದಿದ್ದೆವು.

"ಬೆಣಿ ತಗೀಬೇಕಂದ್ರ ಬಡಿಗ್ಯಾರು ಬೇಕು" ಎಂದೆ ಸಣ್ಣ ದನಿಯಲ್ಲಿ. "ಹಲಗಿ ಬಡದ ಮುಚ್ಯಾರ."

"ಕಾನ್ವೆಂಟ್‌ನ್ಯಾಗ ಇದನ್ನ ಕಲಿಸಿದ್ರೇನ? ಫ್ರಿಜ್ ಅಲಗಾಡೂದಿಲ್ಲಂದ್ರ ಬಿಡು, ಗಾಡಿ ಅಲಗಾಡತೈತಲ್ಲ? ಆ ಗಾಲಿ ಕೆಳಗ ಒಂದ್ ಕಲ್ಲ ಕೊಡು."

"ಆಗ ಗಾಡೀನ ಸೊಟ್ಟ ಆಗ್ತೈತಿ, ಅಕ್ಕ. ನಾವು ಮಕ್ಕೊಳ್ಳೂದು ಹೆಂಗ?"

"ಔಷಧ ನೆಟ್ಟಗಿದ್ರ ಸಾಕು. ನಾವ್ ಸೊಟ್ಟ ಮಕ್ಕೊಂಡ್ರ ಏನ ಸಾಯ್ತೇವೇನ?"

ಅರಿವೆ ಒಗೆಯುವ ಹಳೆಯ ಚಪ್ಪಡಿಯೊಂದು ಬಾವಿಯ ಹತ್ತಿರ ಬಿದ್ದಿತ್ತು. ಟ್ರ್ಯಾಕ್ಟರಿನವರು ಬಲಗಾಲಿಯನ್ನು ಅದರ ಮೇಲೆ ಹತ್ತಿಸಿದರು. ಅಕ್ಕ ಫ್ರಿಜ್ಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು, ಹೊಲದ ಮಡಿಗೆ ನೀರು ಹಾಯಿಸುವವಳ ಹಾಗೆ, "ಇನ್ನೊಂಚೂರ ಮುಂದ... ಹಾಂ, ಸಾಕ್ ಬಿಡ್ರಿ" ಎಂದಳು. ರಸಮಟ್ಟ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆಯುವ ಧೈರ್ಯವಾಗಲಿಲ್ಲ. ಹೊಸ ಬೆಣ್ಣೆ ಇಟ್ಟೆವು. ಮುಂಜಾನೆ ಅಕ್ಕ ಅದನ್ನು ಚಮಚದಿಂದ ಟಕ್ ಟಕ್ ಎಂದು ಬಡಿದು ನೋಡಿ, ನಾನು ಎದುರಿಗೆ ನಿಂತಿದ್ದರೂ ನನ್ನ ಕಡೆ ನೋಡದೆ, ಸೀರೆ ಮಡಚಿ ಚೀಲಕ್ಕೆ ಹಾಕಲು ಒಳಗೆ ಹೋದಳು.

ಬಂಕಾಪುರಕ್ಕೆ ಮೂವರೂ ಹೋದೆವು: ಅಕ್ಕ, ನಾನು, ಚಪ್ಪಡಿ. ಕೋಟೆಗೆ ಹತ್ತಿರದಲ್ಲಿರುವ ಪರಿಚಯದವರ ಅಂಗಳದಲ್ಲಿ, ಅವರ ಮನೆಯಿಂದ ವೈರು ಎಳೆದು, ಬಲಗಾಲಿ ಏರಿಸಿಕೊಂಡು ನಿಂತೆವು. ಎಡಗಡೆಯ ಮಂಚಕ್ಕೆ ಗೋಡೆಯ ಆಸರೆ ಇತ್ತು, ಅದನ್ನು ಅಕ್ಕ ಹಿಡಿದಳು. ಬಲಗಡೆಯ ಮಂಚ ನನ್ನದು, ಅದರಿಂದ ಉರುಳಿದರೆ ನೆಲವೇ. ಎಚ್ಚರವಾದಾಗ ನಾನು ಅಲ್ಲೇ ಇದ್ದೆ, ಹಾಸಿಗೆ ಸಮೇತ, ಅಕ್ಕನ ಮಂಚದ ಕಾಲಿಗೆ ತಲೆ ಆನಿಸಿ.

ಹೊರಗೆ ಇನ್ನೂ ಮಬ್ಬು ಬೆಳಕು. ಕೋಟೆಯ ಕಡೆಯಿಂದ ಒಂದು ನವಿಲು ಕೂಗಿತು, ಆಮೇಲೆ ಹಲವು. ಅಕ್ಕ ಕಿಟಕಿಗೆ ಮುಖ ಒತ್ತಿ ಕುಳಿತಿದ್ದಳು.

"ಅಪ್ಪ ಸುಳ್ಳ ಹೇಳಿದ್ದಿಲ್ಲ ನೋಡ" ಎಂದಳು. ಆಮೇಲೆ ಕೈ ಚಾಚಿದಳು. "ಏಳು. ಔಷಧ ಕೊಡು. ಚುಚ್ಚಿಗೊಂಡು ಹೋಗೂಣು."

ಫ್ರಿಜ್ಜಿನ ಬಾಗಿಲು ತೆಗೆದು ಇನ್ಸುಲಿನ್ ಸೀಸೆ ಕೈಯಲ್ಲಿಟ್ಟೆ. ಅವಳು ಅದನ್ನು ನನ್ನ ಕೆನ್ನೆಗೆ ತಾಗಿಸಿದಳು. ತಣ್ಣಗಿತ್ತು.