ಸುತ್ತಿಗೆ ಏಟು ತಿನ್ನದ ಕಮಾನು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದವರು ನಮ್ಮ ಯೋಡೊಕ್‌ನನ್ನು ನೋಡಿರಲಿಲ್ಲ. ಬ್ರೆಗೆನ್ಸರ್‌ವಾಲ್ಡ್ ಬೆಟ್ಟಸೀಮೆಯ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷದಿಂದ ಅವನದು ಒಂದೇ ಕೆಲಸ: ಸ್ಪ್ರೂಸ್ ಮರದ ತೆಳು ಹಲಗೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಅಚ್ಚಿನಲ್ಲಿ ಬಗ್ಗಿಸಿ ಬಿಗಿಯುವುದು. ಅಂಟು ಒಣಗಿದರೆ ಎರಡು ಬಸ್ಸಿನುದ್ದದ ಕಮಾನು! ಅದನ್ನು ಲಾರಿಗೇರಿಸಿ ಕೈ ಬೀಸುತ್ತಾನೆ. ಅದನ್ನು ಕಟ್ಟಡದ ಮೇಲೆ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುವವರು ಬಡಗಿಗಳು. ನಾನು ಕ್ರೇನಿನವನು, ಎಲ್ಲ ನೋಡಿದ್ದೇನೆ. ನನಗೆ ಸಿಟ್ಟೇ ಬರುತ್ತಿತ್ತು.

ಈ ಸಲ ದೊಡ್ಡ ಚೀಸ್ ಮಳಿಗೆಯ ಚಾವಣಿಗೆ ಇಪ್ಪತ್ತೊಂದು ಕಮಾನು. ಬಿಗಿ ಸಡಿಲಿಸಿದೊಡನೆ ಮರ ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲೇ ಹೆಚ್ಚು ಬಗ್ಗಿಸಿರಬೇಕು. ಎಷ್ಟು? ಎಂಜಿನಿಯರ್ ಕಾಟ್ರಿನ್ ಕಂಪ್ಯೂಟರ್ ನೋಡಿ ಎರಡು ಬೆರಳಗಲ ಎಂದಳು.

"ಮೂರು ಹಾಕಮ್ಮ," ಎಂದ ಯೋಡೊಕ್. "ಬೆಟ್ಟದ ನೆರಳಲ್ಲಿ ಬೆಳೆದಿದ್ದು ಇದು. ಶುದ್ಧ ಹಠಮಾರಿ."

"ನಿಮ್ಮ ಥರಾನೇ ಅನ್ನಿ! ಸರಿ, ಕೊನೇದೊಂದು ನಿಮ್ಮ ಲೆಕ್ಕದಲ್ಲೇ ಮಾಡಿ. ಅದು ಜಾಗದಲ್ಲಿ ಸರಿಯಾಗಿ ಕೂರ್ಲಿಲ್ಲ ಅಂದ್ರೆ ನೀವು ಅಚ್ಚಿನ ಕೆಲಸ ಬಿಟ್ಟು ಗೋದಾಮಿಗೆ ಹೋಗ್ಬೇಕು."

ಅವಳು ನಗುತ್ತಲೇ ಅಂದಳು. ಯೋಡೊಕ್ ನಗದೆ ಕೈ ಚಾಚಿದ. ಕೈ ಕುಲುಕಿದರೆ ನಮ್ಮಲ್ಲಿ ಮಾತು ಮುಗಿಯಿತು.

ಮಳಿಗೆ ಕಟ್ಟುವಲ್ಲಿ ಎರಡು ಬೆರಳಿನ ಇಪ್ಪತ್ತು ಕಮಾನುಗಳು ಸರಪಳಿಯಿಂದ ಎಳೆಸಿಕೊಂಡು, ಸುತ್ತಿಗೆ ಏಟು ತಿಂದು ಕೂತವು. ಕೊನೆಯದನ್ನು ನಾನು ಇಂಚಿಂಚಾಗಿ ಇಳಿಸಿದೆ. ಈ ಸಲ ಲಾರಿಯ ಜೊತೆಗೇ ಬಂದಿದ್ದ ಯೋಡೊಕ್ ಕೆಳಗೆ ಟೋಪಿ ಹಿಂಡುತ್ತಿದ್ದ. ಟಕ್! ಎರಡೂ ತುದಿ ಕಬ್ಬಿಣದ ಪಾದಗಳಲ್ಲಿ ಕೂತೇಬಿಟ್ಟವು! ಸುತ್ತಿಗೆ ಎತ್ತಿದ್ದ ಬಡಗಿ ಗೆಬ್‌ಹಾರ್ಟ್ ಪೆಚ್ಚಾದ. ನಾನು ಕ್ರೇನಿನ ಹಾರನ್ ಒತ್ತಿದವನು ಬಿಡಲೇ ಇಲ್ಲ.

ನಮ್ಮ ಪದ್ಧತಿಯಂತೆ ಚಾವಣಿ ನಿಂತ ದಿನ ನೆತ್ತಿಯ ತೊಲೆಗೆ ಪುಟ್ಟ ಸ್ಪ್ರೂಸ್ ಗಿಡವನ್ನು ಮೊಳೆ ಬಡಿದು ಕೂರಿಸಿ, ಬಡಗಿಯೊಬ್ಬ ವೈನ್ ಕುಡಿದು, ಪದ್ಯ ಹೇಳಿ ಲೋಟ ಒಡೆಯಬೇಕು. ಗೆಬ್‌ಹಾರ್ಟ್ ಗಿಡ ಹಿಡಿದು ಮೇಲೆಲ್ಲ ಸುತ್ತಾಡಿದ.

"ಅಲ್ರೀ, ಎಲ್ಲಾ ಗುಂಡಗಿದೆ! ನೆತ್ತಿ ತೊಲೇನೇ ಇಲ್ಲ. ಎಲ್ಲಿ ಹೊಡೀಲಿ?"

"ಏಟು ತಿನ್ನದೆ ಕೂತಿತಲ್ಲ, ಆ ಕಮಾನಿಗೆ!" ಕಾಟ್ರಿನ್ ಕೂಗಿದಳು.

ಗೆಬ್‌ಹಾರ್ಟ್ ಮೊಳೆ ಹಿಡಿದದ್ದೇ ತಡ, ಯೋಡೊಕ್ ಏಣಿ ಹತ್ತಿಬಿಟ್ಟ. "ಲೋ, ಸುತ್ತಿಗೆ ಮುಟ್ಟಿಸಿದ್ರೆ ನೋಡು!"

ಅಂಟು ಮೆತ್ತಿದ ತನ್ನ ಏಪ್ರನ್ನಿನ ದಾರ ಬಿಚ್ಚಿ, ಗಿಡವನ್ನು ಕಮಾನಿಗೆ ಕಟ್ಟಿದ. ಗೆಬ್‌ಹಾರ್ಟ್ ವೈನ್ ಲೋಟವನ್ನು ಅವನ ಕೈಗಿಟ್ಟ. ನಲವತ್ತೊಂದು ವರ್ಷದಲ್ಲಿ ಅಂಟಿನವನೊಬ್ಬನಿಗೆ ಆ ಲೋಟ ಸಿಕ್ಕಿದ್ದು ಅದೇ ಮೊದಲು. ಯೋಡೊಕ್ ವೈನನ್ನು ಗಟಗಟ ಕುಡಿದ. ಅವನಿಗೆ ಪದ್ಯ ಬರುತ್ತಿರಲಿಲ್ಲ.

"ಮೂರು ಬೆರಳು!" ಎಂದು ಕೂಗಿ ಲೋಟ ಎಸೆದ.