ಬಂದಿದ್ದನ್ನ ಕಳ್ಸಿದ್ದಷ್ಟೆ

ಸಿಟ್ಟು ಬಂದರೆ ನಮ್ಮ ಸೀನಿಯರ್ ಮೇಡಂ ಅವರ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಗಂಟು ಹಾಕುತ್ತಿದ್ದುದರಿಂದ ಅದು ಎಲ್ಲರಿಗೂ ಕಾಣುತ್ತಿತ್ತು. ಶಿಕಾರಿಪುರದ ಅವರ ಆಫೀಸಿಗೆ ನಾನು ಜೂನಿಯರ್ ಆಗಿ ಸೇರಿದಾಗ ಗುಮಾಸ್ತರು ಕಲಿಸಿದ ಮೊದಲ ಪಾಠವೇ ಅದು: ‘ಒಳಗೆ ಹೋಗೋಕ್ಕಿಂತ ಮುಂಚೆ ಕಿವಿ ನೋಡ್ಕಳಿ.’

ಇತ್ತೀಚಿನ ವರ್ಷಗಳಲ್ಲಿ ಆ ಕಿವಿ ತಣ್ಣಗಿದ್ದದ್ದು ಅಪರೂಪ. ಕಾರಣ ಮೊಬೈಲು. ಗಡಿ ತಕರಾರು, ಪಾಲಿನ ಜಗಳ ಎಂದು ಬಂದ ಕಕ್ಷಿದಾರರು ಕಾಗದ ತೆಗೆಯುವ ಮೊದಲು ಫೋನ್ ತೆಗೆಯುತ್ತಿದ್ದರು. ‘ಮೇಡಂ, ಇದೊಂದು ವಿಡಿಯೊ ನೋಡ್ರಿ. ಈ ಜನ ಹೆಂಗೆಲ್ಲ ಮಾಡ್ತಾರೆ.’ ಮೇಡಂ ಪಾಟೀಸವಾಲಿಗೆ ಇಳಿಯುತ್ತಿದ್ದರು. ‘ಇದು ಯಾವೂರು? ತೆಗ್ದೋರು ಯಾರು? ನೀವು ಕಂಡ್ರಾ?’ ಉತ್ತರ ಯಾವಾಗಲೂ ಒಂದೇ: ‘ಎಲ್ಲಾರೂ ಕಳಿಸ್ತಾರಲ್ರೀ.’ ಅವರು ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿ, ‘ಗುಂಟೆ ಜಾಗಕ್ಕೆ ಪಹಣಿ, ನಕ್ಷೆ ಎಲ್ಲಾ ಬೇಕು ಇವರಿಗೆ. ಇನ್ನೊಬ್ಬನ ಮಾನ ತೆಗೆಯೋಕೆ ಏನೂ ಬೇಡ’ ಎಂದು ಗೊಣಗುತ್ತಿದ್ದರು.

ಸಕ್ಕರೆ ಕಾಯಿಲೆಯಿದ್ದರೂ ಮೇಡಂ ಸೊರಬದ ಕೋರ್ಟಿಗೆ ಹೋದಾಗ ಅಲ್ಲಿನ ಬೇಕರಿಯಲ್ಲಿ ದಿಲ್‌ಪಸಂದ್ ತಿನ್ನದೆ ಬಸ್ಸು ಹತ್ತುತ್ತಿರಲಿಲ್ಲ. ಬೇಕರಿಯ ಭಾಯ್ ಇವರು ಬರುವುದನ್ನು ದೂರದಿಂದಲೇ ನೋಡಿ ಚಿಕ್ಕ ತುಂಡು ಕತ್ತರಿಸುತ್ತಿದ್ದರು. ಇವರು ದೊಡ್ಡದಕ್ಕೆ ಜಗಳ ತೆಗೆಯುತ್ತಿದ್ದರು.

ಆ ಬೇಕರಿಯ ಮೇಲೆಯೇ ಒಂದು ಸುದ್ದಿ ಹಬ್ಬಿತು. ಎಲ್ಲಿಯದೋ ಹಳೆಯ ವಿಡಿಯೊ, ಹಿಟ್ಟಿಗೆ ಉಗುಳಿ ಕಲಸುತ್ತಾರೆ ಎಂಬ ಮಾತು, ಜೊತೆಗೆ ಭಾಯ್ ಅಂಗಡಿಯ ಫೋಟೊ. ಕೆಳಗೆ ಅವರ ಜಾತಿ-ಧರ್ಮವನ್ನೆಲ್ಲ ಎಳೆದು ಇಲ್ಲಿ ಬರೆಯಲಾಗದ ಬೈಗುಳ. ಭಾಯ್ ಪೊಲೀಸರಿಗೆ ದೂರು ಕೊಟ್ಟರು. ಆ ಸುದ್ದಿಯನ್ನು ಊರೂರಿನ ವಾಟ್ಸಾಪ್ ಗುಂಪುಗಳಿಗೆ ಹಂಚಿದವರಲ್ಲಿ ಉಳವಿಯಲ್ಲಿದ್ದ ಮೇಡಂ ಅವರ ಒಬ್ಬನೇ ತಮ್ಮನೂ ಇದ್ದರು. ಮದುವೆಯಾಗದ ಮೇಡಂ ತಾವೇ ಓದಿಸಿ ಬೆಳೆಸಿದ ತಮ್ಮ. ಮಗಳ ನಿಶ್ಚಿತಾರ್ಥಕ್ಕೆ ಅದೇ ಬೇಕರಿಯಿಂದ ಸಿಹಿ ತರಿಸಿದ್ದವರು.

ಕೇಸು ಬಿದ್ದ ಮೇಲೆ ತಮ್ಮ ಹೆಂಡತಿಯ ಜೊತೆ ಆಫೀಸಿಗೆ ಬಂದು ಕೂತರು.

‘ಅಕ್ಕಾ, ನಾನೇನೂ ಬರ್ದಿಲ್ಲ. ಬಂದಿದ್ದನ್ನ ಕಳ್ಸಿದ್ದಷ್ಟೆ.’

‘ಸರಿ, ಓದು.’

‘ಏನನ್ನ?’

‘ಕಳ್ಸಿದ್ಯಲ್ಲ, ಅದನ್ನ. ಗಟ್ಟಿಯಾಗಿ ಓದು.’

ಎರಡು ಸಾಲು ಓದಿದರು. ಮುಂದಿನದು ಭಾಯ್ ಮನೆಯ ಹೆಂಗಸರ ಬಗ್ಗೆ ಇತ್ತು. ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿ ನಿಲ್ಲಿಸಿದರು.

‘ಹೆಂಡ್ತಿ ಮುಂದೆ ಓದಕ್ಕಾಗಲ್ಲ,’ ಎಂದರು ಮೇಡಂ. ‘ಊರಿಗೆಲ್ಲ ಕಳ್ಸಕ್ಕೆ ಆಯ್ತು.’

ತಮ್ಮನ ವಕಾಲತ್ತನ್ನು ಅವರು ವಹಿಸಲಿಲ್ಲ. ಬೇರೆ ವಕೀಲರನ್ನು ಗೊತ್ತುಮಾಡಿಕೊಟ್ಟರು, ಜಾಮೀನು ಸಿಕ್ಕಿತು. ಮನೆಯವರೆಲ್ಲ, ಭಾಯ್ ಹತ್ತಿರ ಮಾತಾಡಿ ರಾಜಿ ಮಾಡಿಸು ಎಂದು ಬೆನ್ನು ಬಿದ್ದರು. ಧರ್ಮಗಳ ನಡುವೆ ದ್ವೇಷ ಹುಟ್ಟಿಸಿದ ಕೇಸು ದೂರು ಕೊಟ್ಟವರು ಒಪ್ಪಿದರೂ ರಾಜಿಯಲ್ಲಿ ಮುಗಿಯುವುದಿಲ್ಲ, ಅದು ಸರ್ಕಾರ ನಡೆಸುವ ಕೇಸು ಎಂದು ಹೇಳಿ ಹೇಳಿ ಮೇಡಂಗೆ ಸಾಕಾಯಿತು.

ಆಮೇಲೊಂದು ದಿನ ನನ್ನನ್ನು ಕರೆದುಕೊಂಡು ಬೇಕರಿಗೆ ಹೋದರು. ಭಾಯ್ ಕುರ್ಚಿ ಹಾಕಿ, ‘ಕೇಸು ಬ್ಯಾಡ ಅಂತ ಬರ್ಕೊಡ್ತೀನಿ ಬಿಡ್ರಿ ಮೇಡಂ, ನಿಮ್ಮ ಮುಖ ನೋಡಿ’ ಎಂದರು.

‘ನನ್ನ ಮುಖ ನೋಡಬೇಡಿ. ಅದಕ್ಕೆ ಬಂದಿಲ್ಲ ನಾನು. ವ್ಯಾಪಾರ ಹೆಂಗಿದೆ?’

ಭಾಯ್ ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದರು. ‘ಸ್ಕೂಲ್ ಮಕ್ಕಳು ಬಾಗಿಲ ತನಕ ಬರ್ತಾವ್ರಿ. ತಾಯಂದ್ರು ಕೈ ಹಿಡ್ದು ಎಳ್ಕಂಡು ಹೋಗ್ತಾರೆ.’

ಅಲ್ಲಿಂದ ನೇರ ಉಳವಿಯ ಬಸ್ಸು. ಕಳಿಸಿದ್ದು ಸುಳ್ಳೆಂದು ಅದೇ ಗುಂಪುಗಳಲ್ಲಿ ಬರೆಯಲು ತಮ್ಮನಿಗೆ ಹೇಳಿದರು. ‘ವಕೀಲರು ಏನೂ ಮಾತಾಡಬ್ಯಾಡ ಅಂದಿದಾರೆ’ ಎಂದರು ತಮ್ಮ.

‘ಸರಿಯಾಗೇ ಹೇಳಿದಾರೆ. ನೀನು ಬರೆಯೋದು ನಾಳೆ ನಿನ್ನ ಮೇಲೇ ಸಾಕ್ಷಿ ಆಗುತ್ತೆ. ವಕೀಲಳಾಗಿ ಕೇಳಿದ್ರೆ ನಾನೂ ಸುಮ್ನಿರು ಅಂತೀನಿ. ಅಕ್ಕ ಆಗಿ ಹೇಳ್ತಿದೀನಿ, ಬರಿ.’

ವಾರಗಟ್ಟಲೆ ಸತಾಯಿಸಿ ಕೊನೆಗೆ ಬರೆದರು. ತಾನು ಹಂಚಿದ್ದು ಸುಳ್ಳು, ಆ ಬೇಕರಿಯಲ್ಲಿ ಅಂಥದ್ದೇನೂ ನಡೆದಿಲ್ಲ, ತನ್ನಿಂದ ತಪ್ಪಾಯಿತು ಎಂದು, ಕೆಳಗೆ ಹೆಸರು ಹಾಕಿ. ಸುಳ್ಳಿಗೆ ಮೆಚ್ಚುಗೆಯ ಹೆಬ್ಬೆರಳುಗಳ ಸಾಲೇ ಬಂದಿತ್ತು. ಇದಕ್ಕೆ ಒಬ್ಬರೂ ಉಸಿರೆತ್ತಲಿಲ್ಲ. ಸಂಜೆಯೊಳಗೆ ಅವರನ್ನು ಗುಂಪುಗಳಿಂದ ತೆಗೆದುಹಾಕಿದರು. ‘ಸುಳ್ಳು ಹೇಳ್ದಾಗ ಬೇಕಾಗಿದ್ದ ಇವರಿಗೆ,’ ಎಂದು ಮೇಡಂ ಫೋನನ್ನು ಮೇಜಿನ ಮೇಲೆ ಕುಕ್ಕಿದರು. ತಮ್ಮನ ಹೆಂಡತಿ ಮೇಡಂ ಜೊತೆ ಮಾತು ಬಿಟ್ಟರು. ಭಾಯ್ ಅಂಗಡಿ ಮುಚ್ಚಿ, ಶಿರಾಳಕೊಪ್ಪದಲ್ಲಿ ನೆಂಟರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು. ಯಾರು ಏನು ಸಾಧಿಸಿದರೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಕಳೆದ ವರ್ಷ ಮೇಡಂ ಹೃದಯಾಘಾತದಿಂದ ಹೋದರು. ಉಳವಿಯಲ್ಲಿ ತಮ್ಮನೇ ಬೆಂಕಿಯಿಟ್ಟರು. ಭಾಯ್ ಬಂದು ಒಂದು ಬದಿಗೆ ನಿಂತಿದ್ದರು. ಅವರಿಗೆ ಕೇಳಿಸುವಂತೆಯೇ ನೆಂಟರೊಬ್ಬರು, ‘ಸ್ವಂತ ತಮ್ಮನ್ನ ಸಿಕ್ಕಿಸಿ ಹೋದಳು’ ಎಂದರು.

ಮೊನ್ನೆ ಸೊರಬದ ಕೋರ್ಟಿನಲ್ಲಿ ಆ ಕೇಸಿತ್ತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಸಾಕ್ಷಿಗಳ ವಿಚಾರಣೆ ಮುಗಿದಿತ್ತು. ತಪ್ಪಾಯಿತೆಂದು ಬರೆದಿದ್ದ ಆ ಮಾತುಗಳ ಬಗ್ಗೆ ಏನು ಹೇಳುತ್ತೀರಿ ಎಂದು ನ್ಯಾಯಾಧೀಶರು ಮೇಡಂ ಅವರ ತಮ್ಮನನ್ನು ಕೇಳಿದರು. ಗೊತ್ತಿಲ್ಲ ಎನ್ನುವಂತೆ ವಕೀಲರು ಹೇಳಿಕೊಟ್ಟಿದ್ದರು.

‘ನಾನೇ ಬರ್ದಿದ್ದು ಸ್ವಾಮಿ,’ ಎಂದರು ತಮ್ಮ. ‘ಅದರಲ್ಲಿರೋದು ನಿಜ.’

ಅವರ ವಕೀಲರು ಕಡತ ಮುಚ್ಚಿ ಕಿಟಕಿಯ ಕಡೆ ನೋಡಿದರು. ತೀರ್ಪು ಇನ್ನೂ ಬರಬೇಕು. ಹೊರಗೆ ಬಂದ ಮೇಲೆ ತಮ್ಮ, ‘ಶಿಕ್ಷೆ ಆಗ್ಬಹುದಾ ತಂಗಿ?’ ಎಂದು ಕೇಳಿದರು. ಆಗಬಹುದು ಎಂದೆ. ತಲೆಯಾಡಿಸಿದರು. ಮೇಡಂ ಕಲಿಸಿದ ಕಾನೂನಿನಲ್ಲಿ ಅದಕ್ಕಿಂತ ಹೆಚ್ಚು ಹೇಳುವಂಥದ್ದು ನನಗೆ ತಿಳಿದಿರಲಿಲ್ಲ. ಉಳವಿಯ ಬಸ್ಸು ಬರುವ ತನಕ ಅವರ ಜೊತೆ ನಿಂತಿದ್ದೆ.